ತೇಗದ ಮರದಲ್ಲಿ ಅತ್ತಿಹಣ್ಣು

ಹಳ್ಳವೊಂದು ಎರಡು ಸಲ ಬಳುಕಿ, ಮೂರನೆಯ ಸಲ ಬಳುಕಲು ಬೇಸರವಾಗಿ ನೆಟ್ಟಗೆ ಹರಿದುಬಿಡುವ ಕಡೆ ಒಂದು ಕಾಡಿತ್ತು. ಅಲ್ಲಿ ದಡದ ಮೇಲೆ ಒಂದು ತೇಗದ ಮರ. ಅದರ ಪಕ್ಕಕ್ಕೇ, ಕೊಂಬೆಗೆ ಕೊಂಬೆ ತಾಗುವಷ್ಟು ಹತ್ತಿರದಲ್ಲಿ, ಒಂದು ಮತ್ತಿಮರ.

ತೇಗದ ಮರದಲ್ಲಿ ಹರಟೆಮಲ್ಲ ಹಕ್ಕಿಗಳ ದೊಡ್ಡ ಸಂಸಾರ ಇತ್ತು. ಮಣ್ಣಿನ ಬಣ್ಣದ ಈ ಹಕ್ಕಿಗಳನ್ನು ನೀವು ನೋಡಿರುತ್ತೀರಿ. ನೋಡದಿದ್ದರೂ ಕೇಳಿಯಂತೂ ಇರುತ್ತೀರಿ. ಒಂದು ಹುಳ ಸಿಕ್ಕರೆ ಅದನ್ನು ತಿನ್ನುವುದಕ್ಕಿಂತ ಅದರ ಬಗ್ಗೆ ಚರ್ಚೆ ಮಾಡುವುದೇ ಅವಕ್ಕೆ ಹೆಚ್ಚು ರುಚಿ. ಆ ಸಂಸಾರದ ಹಿರಿಯಳು ಪದ್ದಕ್ಕ. ಒಳ್ಳೆಯ ಮನಸ್ಸಿನವಳು. ಒಂದೇ ತೊಂದರೆ ಏನೆಂದರೆ, ಯಾರಾದರೂ ಸುಮ್ಮನೆ ಕೂತಿರುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ತುರಿಸುತ್ತಿತ್ತು. ಮಾತಾಡದೆ ಇರುವವರಿಗೆ ಒಂದೋ ಜಂಬ, ಇಲ್ಲವೇ ಹೊಟ್ಟೆನೋವು. ಮೂರನೆಯ ಕಾರಣವೊಂದು ಇರಬಹುದೆಂದು ಪದ್ದಕ್ಕನಿಗೆ ಹೊಳೆದದ್ದೇ ಇಲ್ಲ.

ಮತ್ತಿಮರದಲ್ಲಿದ್ದವಳು ವಾರಿಜಾ ಎಂಬ ಮಂಗಟ್ಟೆ ಹಕ್ಕಿ. ಬಾಗಿದ ದೊಡ್ಡ ಕೊಕ್ಕು. ಅಷ್ಟು ದೊಡ್ಡ ಕೊಕ್ಕಿನಿಂದ ಹೊರಡುತ್ತಿದ್ದ ಮಾತು ಮಾತ್ರ ಸಾಸಿವೆಕಾಳಿನಷ್ಟು.

ಮುಂದಿನ ಕತೆಗೆ ಹೋಗುವ ಮೊದಲು ಹೋದ ಮಳೆಗಾಲದ ಒಂದು ಸಂಗತಿ ಹೇಳಬೇಕು. ಆಗ ಪದ್ದಕ್ಕನ ಕಾಲಿಗೆ ಜಾಲಿಮುಳ್ಳು ನೆಟ್ಟು, ಅವಳು ಕೊಂಬೆ ಬಿಟ್ಟು ಇಳಿಯಲಾಗದೆ ಕೂತಿದ್ದಳು. ದಿನಾ ಬೆಳಗ್ಗೆ ಕಣ್ಣು ಬಿಟ್ಟರೆ ಪಕ್ಕದಲ್ಲೇ ಒಂದು ಅತ್ತಿಹಣ್ಣು! ತೊಟ್ಟು ತೆಗೆದು, ಮಣ್ಣು ಒರೆಸಿ, ಉರುಳಿ ಬೀಳದಂತೆ ಕೊಂಬೆಯ ಕವಲಿನಲ್ಲಿ ಇಟ್ಟ ಹಣ್ಣು. ಕಾಲು ವಾಸಿಯಾಗುವವರೆಗೂ ಒಂದು ದಿನ ತಪ್ಪಲಿಲ್ಲ.

ಹರಟೆಮಲ್ಲಗಳು ಸಭೆ ಸೇರಿದವು. ಬಹಳ ಚರ್ಚೆಯಾಗಿ ಒಂದು ತೀರ್ಮಾನವೂ ಆಯಿತು. "ನಮ್ಮ ತೇಗದ ಮರ ಮಳೆಗಾಲದಲ್ಲಿ ಅತ್ತಿಹಣ್ಣು ಬಿಡುತ್ತೆ!" ಎಂದು ಪದ್ದಕ್ಕ ಕಾಡಿಗೆಲ್ಲ ಸಾರಿದಳು. ಕಾರಣವೊಂದು ಸಿಕ್ಕಿಬಿಟ್ಟಿತಲ್ಲ, ಆಮೇಲೆ ಯಾರೂ ಮತ್ತೆ ವಿಚಾರಿಸಲಿಲ್ಲ.

ಈಗ ಬೇಸಿಗೆಗೆ ಬರೋಣ.

ಒಂದು ದಿನ ವಾರಿಜಾ ಮತ್ತಿಮರದ ಪೊಟರೆಯೊಳಗೆ ಹೋದಳು. ಹೋದವಳು ಹೊರಗೆ ಬರಲಿಲ್ಲ. ಅವಳ ಗಂಡ ಮಣ್ಣು ತಂದುಕೊಟ್ಟ. ಅವಳು ಅದಕ್ಕೆ ಹಣ್ಣಿನ ತಿರುಳನ್ನೂ ತನ್ನ ಹಿಕ್ಕೆಯನ್ನೂ ಕಲಸಿ (ಮೂಗು ಮುಚ್ಚಿಕೊಳ್ಳಬೇಡಿ, ಅದಕ್ಕಿಂತ ಗಟ್ಟಿ ಗಾರೆ ಕಾಡಿನಲ್ಲಿಲ್ಲ) ಒಳಗಿನಿಂದಲೇ ಬಾಗಿಲಿಗೆ ಮೆತ್ತುತ್ತ ಹೋದಳು. ಕೊನೆಗೆ ಉಳಿದದ್ದು ಕೊಕ್ಕಿನ ತುದಿ ತೂರುವಷ್ಟು ಒಂದು ಕಿಂಡಿ. ಗಂಡ ಬಂದು ಆ ಕಿಂಡಿಯಲ್ಲಿ ಹಣ್ಣು ಕೊಟ್ಟು ಹೋಗುತ್ತಿದ್ದ.

ಪಕ್ಕದ ಮನೆಯ ಬಾಗಿಲು ಹೀಗೆ ಮುಚ್ಚಿಕೊಂಡರೆ ಹರಟೆಮಲ್ಲಗಳಿಗೆ ನಿದ್ದೆ ಬರುತ್ತದೆಯೇ?

"ಮೈಗೆ ಹುಷಾರಿಲ್ಲ ಅನ್ಸುತ್ತೆ."

"ಹುಷಾರಿಲ್ಲದ್ದೂ ಇಲ್ಲ, ಏನೂ ಇಲ್ಲ. ಜಂಬ! ಅತ್ತಿಹಣ್ಣಿನ ಥರ ಅವಳು, ಹೊರಗೆ ನುಣುಪು, ಒಳಗೆ ಎಷ್ಟು ಹುಳ ಇದೆಯೋ."

"ಗಂಡ ಕೂಡಿಹಾಕಿರಬೇಕು ಕಣ್ರೇ. ಕಿಂಡೀಲಿ ಊಟ ಕೊಡ್ತಾನೆ, ನೋಡಲಿಲ್ವಾ?"

"ಅಯ್ಯಯ್ಯೋ!"

ಪದ್ದಕ್ಕ ಹಾರಿಹೋಗಿ ಕಿಂಡಿಯ ಬಳಿ ಕೂತಳು. "ವಾರಿಜಾ, ಏನಮ್ಮಾ ಇದು? ಯಾಕೆ ಹೊರಗೆ ಬರ್ತಿಲ್ಲ? ಮೈಗೆ ಹುಷಾರಿಲ್ವಾ? ನಮ್ಮ ಮೇಲೆ ಕೋಪಾನಾ? ನಿನ್ನ ಯಜಮಾನ ಏನಾದರೂ ಅಂದನಾ? ಹೆದರಬೇಡ, ನನ್ನ ಹತ್ರ ಹೇಳು, ನಾನು ಯಾರಿಗೂ ಹೇಳಲ್ಲ."

ಹಿಂದಿನ ಕೊಂಬೆಯಲ್ಲಿ ಇಡೀ ಸಂಸಾರ ಕತ್ತು ಚಾಚಿ ಕೂತಿತ್ತು.

ಒಳಗಿನಿಂದ ಮೆಲ್ಲಗೆ, "ಕೆಲಸ ಇದೆ ಪದ್ದಕ್ಕ," ಎಂಬ ಉತ್ತರ ಬಂತು. ಅಷ್ಟೇ.

"ಕೆಲಸವಂತೆ!" ಪದ್ದಕ್ಕ ವಾಪಸ್ ಬಂದು ರೆಕ್ಕೆ ಕೊಡವಿದಳು. "ಕತ್ತಲೆ ಪೊಟರೇಲಿ ಒಬ್ಬಳೇ ಕೂತು ಮಾಡೋ ಕೆಲಸ ಯಾವುದಮ್ಮಾ? ಪಾಪ, ಅಳು ಒತ್ತಿಕೊಂಡು ಹೇಳಿದಳು. ನನಗೆ ಗೊತ್ತಾಗಲ್ವಾ? ಬಿಡಿಸಬೇಕು ಅವಳನ್ನ."

ಪದ್ದಕ್ಕ ಮರಕುಟಿಗ ಕುಟ್ಟಪ್ಪನನ್ನು ಕರೆಸಿದಳು. ಕುಟ್ಟಪ್ಪನಿಗೆ ತನ್ನ ಕೊಕ್ಕಿನ ಬಗ್ಗೆ ಅಪಾರ ಅಭಿಮಾನ. ಆದರೂ ಆ ಗಾರೆ ಗೋಡೆಯನ್ನು ನೋಡಿ ಅವನು ತಲೆ ಓರೆ ಮಾಡಿದ.

"ಅಕ್ಕಾ, ಒಡೆಯೋದೇನೋ ಒಡೀತೀನಿ. ಅವರನ್ನ ಒಂದು ಮಾತು ಕೇಳಿದಿರಾ?"

"ಕೇಳಿದರೆ ಹೇಳೋಳಾ ಅವಳು? ಒಡಿ ನೀನು."

ಕುಟ್ಟಪ್ಪ ಕುಟ್ಟತೊಡಗಿದ. ಟಕ್ ಟಕ್ ಟಕ್. "ಎಡಗಡೆಗೆ ಹೊಡಿ!" "ಮೇಲಿಂದ ಶುರು ಮಾಡಬೇಕಿತ್ತು!" "ಧೈರ್ಯವಾಗಿರು ವಾರಿಜಾ, ನಾವಿದ್ದೀವಿ!" ಎಂದು ಹರಟೆಮಲ್ಲಗಳು ಒಟ್ಟಿಗೇ ಕೂಗುತ್ತಿದ್ದವು. ಆ ಗದ್ದಲದ ನಡುವೆ ಒಳಗಿನಿಂದ "ಬೇಡ" ಎಂದು ಒಂದು ದನಿ ಬಂತು. ಇನ್ನೊಂದು ಸಲವೂ ಬಂತು. ಯಾರ ಕಿವಿಗೂ ಬೀಳಲಿಲ್ಲ.

ಗೋಡೆಯ ಅರ್ಧ ಭಾಗ ಕಳಚಿ ಕೆಳಗೆ ಬಿತ್ತು.

ಪದ್ದಕ್ಕ ತಲೆ ಒಳಗೆ ಹಾಕಿದಳು. ಹಾಕಿದವಳು, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಮಾತು ನಿಲ್ಲಿಸಿದಳು.

ವಾರಿಜಾಳ ರೆಕ್ಕೆಯಲ್ಲಿ ಗರಿಗಳೇ ಇರಲಿಲ್ಲ. ಬಾಲವೂ ಇರಲಿಲ್ಲ. ಉದುರಿದ ಆ ಗರಿಗಳ ಹಾಸಿನ ಮೇಲೆ, ಇನ್ನೂ ಕಣ್ಣು ಸರಿಯಾಗಿ ಬಿಡದ ಮೂರು ಮರಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

"ನಿನ್ನ... ನಿನ್ನ ಗರಿ ಎಲ್ಲಿ ಹೋಯ್ತು?"

"ಉದುರಿಸಿದ್ದೀನಿ. ಮರಿಗಳು ಬೆಳೆಯೋ ಹೊತ್ತಿಗೆ ಹೊಸದು ಬರುತ್ತೆ. ಅಲ್ಲೀತನಕ ಹಾರಕ್ಕಾಗಲ್ಲ. ಅದಕ್ಕೇ ಗೋಡೆ."

"ಅಷ್ಟೆಲ್ಲ ಕೇಳಿದೆನಲ್ಲೇ! ಹೇಳಬಾರದಿತ್ತಾ?"

"ನೀವು ಕೇಳಿದಿರಿ," ಎಂದಳು ವಾರಿಜಾ. "ನಾನು ಉತ್ತರ ಹುಡುಕೋದರೊಳಗೆ ಉತ್ತರಾನೂ ನೀವೇ ಹೇಳಿಕೊಂಡಿರಿ."

ಪದ್ದಕ್ಕ ಏನೋ ಹೇಳಲು ಬಾಯಿ ತೆರೆದಳು. ಆಗ ಅವಳ ಕಣ್ಣು ಪೊಟರೆಯ ಮೂಲೆಗೆ ಹೋಯಿತು. ಮರಿಗಳ ಪಾಲಿನ ಅತ್ತಿಹಣ್ಣುಗಳು ಅಲ್ಲಿ ಸಾಲಾಗಿ ಕೂತಿದ್ದವು. ಒಂದೊಂದರದೂ ತೊಟ್ಟು ತೆಗೆದು, ಮಣ್ಣು ಒರೆಸಿ, ಉರುಳಿ ಬೀಳದಂತೆ ಬಿರುಕಿಗೆ ಒರಗಿಸಿ ಇಟ್ಟಿತ್ತು.

ಪದ್ದಕ್ಕ ಆ ಹಣ್ಣುಗಳನ್ನು ನೋಡಿದಳು. ತನ್ನ ಕಾಲನ್ನು ನೋಡಿಕೊಂಡಳು. ತೇಗದ ಮರ ಯಾವತ್ತೂ ಅತ್ತಿಹಣ್ಣು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಮರದ ಬುಡದಲ್ಲಿ ತರಗೆಲೆ ಸರಕ್ಕೆಂದಿತು. ಸೀಳು ನಾಲಿಗೆ ಚಾಚುತ್ತ ಒಂದು ಉಡ ಮೇಲೆ ನೋಡುತ್ತಿತ್ತು. ದಿನಾ ಬಂದು, ಗೋಡೆ ಮೂಸಿ, ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದ ಉಡ.

"ಬಾಗಿಲು ತೆರೆದಿದೆ ಅಂತ ಕೇಳಿದೆ," ಎಂದಿತು ಬಹಳ ಮರ್ಯಾದೆಯಿಂದ. "ಇಡೀ ಕಾಡಿಗೇ ಕೇಳಿಸುವ ಹಾಗೆ ಹೇಳ್ತಿದ್ರಲ್ಲಾ. ಉಪಕಾರವಾಯ್ತು."

ಅದು ಕಾಂಡಕ್ಕೆ ಉಗುರು ಊರಿ ಹತ್ತತೊಡಗಿತು. ಹಾರಿಹೋಗಲು ಗರಿಯಿಲ್ಲದ ವಾರಿಜಾ ಮರಿಗಳನ್ನು ಹಿಂದಕ್ಕೆ ತಳ್ಳಿ, ಒಡೆದ ಬಾಗಿಲಿಗೆ ತನ್ನ ಕೊಕ್ಕನ್ನೇ ಅಡ್ಡ ಹಿಡಿದು ನಿಂತಳು. ಕೂಗಲಿಲ್ಲ. ಕೂಗುವ ಅಭ್ಯಾಸ ಅವಳಿಗೆಲ್ಲಿತ್ತು?

ಆ ಅಭ್ಯಾಸ ಇದ್ದವರು ಪಕ್ಕದಲ್ಲೇ ಇದ್ದರು.

"ಏಯ್!" ಪದ್ದಕ್ಕನ ದನಿಗೆ ಹಳ್ಳದ ಕಪ್ಪೆಗಳೂ ನೀರಿಗೆ ಹಾರಿದವು. "ಎಲ್ಲಾ ಬನ್ನಿ! ಬಾಲ ಹಿಡೀರಿ, ಕಣ್ಣಿಗೆ ಕುಕ್ಕಿ, ಕಿವಿಯಲ್ಲಿ ಕೂಗಿ!"

ಹರಟೆಮಲ್ಲಗಳು ಮುಗಿಬಿದ್ದವು. ಒಂದು ಬಾಲ ಜಗ್ಗಿದರೆ ಇನ್ನೊಂದು ಬೆನ್ನಿಗೆ ಕುಕ್ಕಿತು. ಉಳಿದವು ಉಡದ ತಲೆಯ ಸುತ್ತ ಒಂದೇ ಸಮನೆ ಬೈಗುಳದ ಮಳೆ ಸುರಿಸಿದವು. ಹೇಗೂ ಕೊಕ್ಕು ಬಿಸಿಯಾಗಿಯೇ ಇತ್ತು, ಕುಟ್ಟಪ್ಪ ಉಡದ ನೆತ್ತಿಗೆ ಎರಡು ಕೊಟ್ಟ. ಉಡಕ್ಕೆ ಏಟಿಗಿಂತ ಆ ಮಾತುಗಳೇ ಹೆಚ್ಚು ತಾಗಿರಬೇಕು. ಹಿಡಿತ ತಪ್ಪಿ ದೊಪ್ಪೆಂದು ಬಿದ್ದು, ಪೊದೆಯೊಳಗೆ ಓಡಿಹೋಯಿತು.

ಪದ್ದಕ್ಕ ಏದುಸಿರು ಬಿಡುತ್ತ ಒಡೆದ ಬಾಗಿಲ ಬಳಿ ಬಂದಳು. ಈ ಸಲ ಪ್ರಶ್ನೆ ಒಂದೇ ಕೇಳಿದಳು.

"ಈಗ ನಾವು ಏನು ಮಾಡಬೇಕು?"

ಕೇಳಿ ಸುಮ್ಮನೆ ಕಾದಳು. ಕೊಕ್ಕು ಗಟ್ಟಿಯಾಗಿ ಮುಚ್ಚಿಕೊಂಡೇ ಕಾದಳು. ಪಾಪ, ಎಷ್ಟು ಕಷ್ಟಪಟ್ಟಳೋ.

"ಜೇಡಿಮಣ್ಣು," ಎಂದಳು ವಾರಿಜಾ.

ಹಳ್ಳದ ದಡದಿಂದ ಮಣ್ಣು ಬಂತು. ಹಣ್ಣು ಹಿಡಿದು ಬಂದ ವಾರಿಜಾಳ ಗಂಡ ಒಡೆದ ಬಾಗಿಲನ್ನು ನೋಡಿ ಬೆಚ್ಚಿಬಿದ್ದ. ಯಾರು ಒಡೆದರೆಂದು ಕೇಳದೆ ಅವನೂ ಮಣ್ಣಿಗೆ ಓಡಿದ. ಗೋಡೆ ಏಳತೊಡಗಿತು.

"ಇಲ್ಲೊಂದು ಬಿರುಕಿದೆ," ಎಂದಳು ವಾರಿಜಾ ಒಳಗಿನಿಂದ. ಮೆತ್ತಿದರು. "ಇದು ಒಣಗಿದ ಮೇಲೆ ಉದುರುತ್ತೆ." ಕೆರೆದು ಮತ್ತೆ ಮೆತ್ತಿದರು. "ಆ ಅಂಚು ಇನ್ನೂ ಸ್ವಲ್ಪ ದಪ್ಪ."

"ನಿನ್ನ ಕೈಲಿ ಭೇಷ್ ಅನ್ನಿಸಿಕೊಳ್ಳೋದು ಕಷ್ಟ ಕಣೇ!" ಪದ್ದಕ್ಕ ಗೊಣಗಿದಳು. "ಇಷ್ಟೊಂದು ಹಟ ಯಾಕೆ? ಯಾರ ಜೊತೆ ಪಂದ್ಯ ಕಟ್ಟಿದೀಯ?"

ಪದ್ದಕ್ಕ ಮತ್ತೆ ಕಾದಳು. ಈಗ ಅವಳಿಗೆ ಕಾಯುವುದು ಸ್ವಲ್ಪ ಸ್ವಲ್ಪ ಬರತೊಡಗಿತ್ತು.

"ಹೋದ ವರ್ಷದ ನನ್ನ ಜೊತೆ," ಎಂದಳು ವಾರಿಜಾ ಕೊನೆಗೆ. "ಆಗಲೂ ಮೂರು ಮರಿ ಇದ್ದವು. ಕೊನೇದು ಉಳೀಲಿಲ್ಲ. ಈ ಸಲ ಮೂರೂ ಹಾರಬೇಕು."

ಅದು ವಾರಿಜಾಳ ಬಾಯಲ್ಲಿ ಅದುವರೆಗೆ ಯಾರೂ ಕೇಳಿರದಷ್ಟು ಉದ್ದದ ಭಾಷಣ. ಪದ್ದಕ್ಕ ಅದನ್ನು ಯಾರಿಗೂ ಹೇಳಲಿಲ್ಲ. ತನ್ನ ಸಂಸಾರದವರಿಗೆ ಮಾತ್ರ ಹೇಳಿದಳು, ಅದು ಲೆಕ್ಕಕ್ಕಿಲ್ಲ.

ಅಂದಿನಿಂದ ಮತ್ತಿಮರದ ಬುಡದಲ್ಲಿ ಎಲೆ ಅಲುಗಿದರೂ ತೇಗದ ಮರದಿಂದ ಕೂಗು ಏಳುತ್ತಿತ್ತು. ಉಡ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಕಾಶದಲ್ಲಿ ಮೊದಲ ಮೋಡಗಳು ಕಂಡ ಒಂದು ಬೆಳಗ್ಗೆ ಪೊಟರೆಯ ಗೋಡೆ ಒಳಗಿನಿಂದ ಕಳಚಿತು. ಒಡೆದವಳು ವಾರಿಜಾಳೇ. ಹೊಸ ಗರಿಗಳ ರೆಕ್ಕೆ ಬಿಚ್ಚಿ ಅವಳು ಹೊರಗೆ ಹಾರಿದಳು. ಹಿಂದೆಯೇ ಒಂದು ಮರಿ. ಆಮೇಲೆ ಇನ್ನೊಂದು. ಆಮೇಲೆ ಬಾಗಿಲು ಖಾಲಿ.

ಹರಟೆಮಲ್ಲಗಳು ಉಸಿರು ಬಿಗಿಹಿಡಿದು ಕೂತಿದ್ದವು. ಯಾರೂ "ಬಾ ಬಾ" ಎನ್ನಲಿಲ್ಲ. ಯಾರೂ "ಅಯ್ಯೋ" ಎನ್ನಲಿಲ್ಲ. ಬಿಸಿಲು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಯಿತು.

ಆಗ ಬಾಗಿಲಲ್ಲಿ ಒಂದು ಪುಟ್ಟ ಕೊಕ್ಕು ಕಾಣಿಸಿತು. ಎಲ್ಲಕ್ಕಿಂತ ಸಣ್ಣ ಮರಿ ಈಚೆ ನೋಡಿತು, ಆಚೆ ನೋಡಿತು, ಕಣ್ಣು ಮುಚ್ಚಿ ಹಾರಿಯೇಬಿಟ್ಟಿತು. ತೊಯ್ದಾಡುತ್ತ ಬಂದು ಪದ್ದಕ್ಕನ ಪಕ್ಕದ ಕೊಂಬೆಗೇ ಜೋತುಬಿತ್ತು.

ಆಮೇಲೆ ತೇಗದ ಮರದಲ್ಲಿ ಎದ್ದ ಗದ್ದಲವನ್ನು ನಾನು ಬರೆಯಲಾರೆ. ನೀವೇ ಊಹಿಸಿಕೊಳ್ಳಿ.

ಆ ಗದ್ದಲದ ನಡುವೆ ವಾರಿಜಾ ಬಂದು, ಕೊಂಬೆಯ ಕವಲಿನಲ್ಲಿ ಒಂದು ಅತ್ತಿಹಣ್ಣು ಇಟ್ಟು, ಮರಿಗಳನ್ನು ಕರೆದುಕೊಂಡು ಹೋದಳು. ಹಣ್ಣಿಗೆ ತೊಟ್ಟಿರಲಿಲ್ಲ.

"ಇದೇನಕ್ಕಾ," ಎಂದ ಕುಟ್ಟಪ್ಪ, "ಇಷ್ಟೆಲ್ಲ ಆದ ಮೇಲೂ ಒಂದು ಮಾತೂ ಆಡದೆ ಹೋದರಲ್ಲ!"

"ಆಡಿದಳಲ್ಲೋ," ಎಂದಳು ಪದ್ದಕ್ಕ. "ನಿನಗೆ ಕೇಳಿಸಲಿಲ್ವಾ?"

ಎಂದವಳು ಹಣ್ಣು ತಿನ್ನುತ್ತ ಸುಮ್ಮನೆ ಕೂತಳು.

ನೀತಿ: ಮೌನಿಗಳನ್ನು ಅರಿಯಬೇಕೆಂದರೆ ಅವರ ಬಾಗಿಲು ಒಡೆಯಬೇಡಿ, ಸದ್ದಿಲ್ಲದೆ ನಿಮ್ಮ ಬಾಗಿಲಲ್ಲಿ ಅವರು ಏನು ಇಟ್ಟು ಹೋಗಿದ್ದಾರೆಂದು ನೋಡಿ.