ಹಳದಿ ಹಾಳೆಯ ಕೆಂಪು ಗುರುತು

ಗೋವಿಂದ ಪಟಗಾರ ಎಂಬ ಒಬ್ಬ ಮಾಸ್ತರರಿದ್ದರು. ಕುಮಟೆಯ ಕಡೆ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಪ್ಲಾಸ್ಟಿಕ್ ಚೀಲದ ಬದಲಿಗೆ ಮಣ್ಣಲ್ಲಿ ಕರಗುವ ಹಾಳೆಯೊಂದನ್ನು ಮಾಡಬೇಕೆಂದು ಹನ್ನೊಂದು ವರ್ಷ ಒದ್ದಾಡಿದರು. ಹನ್ನೊಂದು ವರ್ಷ, ಮಕ್ಕಳೇ. ಹೇಳುವುದಕ್ಕೇ ನನಗೆ ಸುಸ್ತಾಗುತ್ತದೆ, ಮಾಡಿದವರ ಪಾಡೇನು!

ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯಿಂದ ಅವರು ಪ್ರೋಟೀನ್ ಬೇರ್ಪಡಿಸುತ್ತಿದ್ದರು. ಅದನ್ನು ಕಾಯಿಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ, ಹಪ್ಪಳದಂತೆ ಒಣಗಿಸಿ ಎಬ್ಬಿಸುತ್ತಿದ್ದರು. ಮೊದಲು ಹಾಳೆ ಬಿರಿಯಿತು. ಮೆತ್ತಗಾಗಲಿ ಎಂದು ಗ್ಲಿಸರಿನ್ ಹಾಕಿದರು. ಆಮೇಲೆ ಬೂಸ್ಟು ಹಿಡಿಯಿತು. ಲವಂಗದ ಎಣ್ಣೆ ಹಾಕಿದರು. ಕೊನೆಗೆ ಅರಿಶಿನದ ಸಾರ ಸೇರಿಸಿದರು. ಮೀನು ಸುತ್ತಿಟ್ಟರೆ, ಒಳಗಿನ ಮೀನು ಕೆಟ್ಟಾಗ ಹಳದಿ ಹಾಳೆ ಕೆಂಪಾಗಬೇಕು, ಕೊಳ್ಳುವವರಿಗೆ ಗೊತ್ತಾಗಬೇಕು. ಅಂತೂ ಇಂತೂ ಅದೂ ಆಯಿತು.

ಊರಿನ ಮೀನು ಮಾರುಕಟ್ಟೆಯಲ್ಲಿ ಹೊನ್ನಕ್ಕ ಮೂವತ್ತು ವರ್ಷಗಳಿಂದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಮೀನನ್ನು ಜನ ಮೂಸಿ ನೋಡದೆ ಒಯ್ಯುತ್ತಿದ್ದರು. ಆ ಹೆಸರೊಂದೇ ಅವಳ ಆಸ್ತಿ. ಮಾಸ್ತರರ ಮಾತಿಗೆ ಒಪ್ಪಿ ಒಂದು ಬೆಳಿಗ್ಗೆ ಅವಳು ಬಂಗಡೆ ಮೀನುಗಳನ್ನು ಆ ಹಾಳೆಯಲ್ಲಿ ಸುತ್ತಿ ಸಾಲಾಗಿ ಇಟ್ಟಳು. ಮಾರುಕಟ್ಟೆ ಸಂಘದ ಅಧ್ಯಕ್ಷರೂ ನೋಡಲು ಬಂದರು. ಅವರು ಹೂಂ ಎಂದರೆ ಇಡೀ ಮಾರುಕಟ್ಟೆಗೆ ಇದೇ ಹಾಳೆ.

ಸ್ವಲ್ಪ ಹೊತ್ತಿನಲ್ಲೇ ಪೊಟ್ಟಣಗಳ ಮೇಲೆ ಕೆಂಪು ಎದ್ದಿತು.

"ಹೊನ್ನಕ್ಕನ ಮೀನೂ ಹಳಸಿದ್ದೇ?" ಎಂದು ಜನ ಹಿಂದೆ ಸರಿದರು.

"ಮಾಸ್ತರೇ, ಇದು ಬೆಳಿಗ್ಗೆ ದೋಣಿಯಿಂದ ಇಳಿದ ಬಂಗಡೆ! ಕಿವಿರು ಬಿಡಿಸಿ ನೋಡಿ, ಇನ್ನೂ ಕೆಂಪಗೆ ತಾಜಾ ಇದೆ!" ಎಂದು ಹೊನ್ನಕ್ಕ ಕೂಗಿದಳು.

ಅಧ್ಯಕ್ಷರಿಗೆ ಮಾತ್ರ ಖುಷಿಯೋ ಖುಷಿ. "ಭಲೇ ಮಾಸ್ತರೇ! ಕೆಟ್ಟ ಮೀನನ್ನ ಹಿಡಿದೇ ಬಿಡ್ತಲ್ಲ ನಿಮ್ಮ ಹಾಳೆ! ನಾಳೆಯಿಂದ ಎಲ್ಲರಿಗೂ ಇದೇ ಆಗ್ಲಿ."

ಮಾಸ್ತರರು ಒಂದು ಪೊಟ್ಟಣ ಎತ್ತಿಕೊಂಡರು. ಮೀನು ಕೆಟ್ಟಿದ್ದರೆ ಹಾಳೆ ಒಳಗಿನಿಂದ, ಉದ್ದಕ್ಕೂ ಕೆಂಪಾಗಬೇಕಿತ್ತು. ಇದು ಹೊರಗೆ, ಒಂದು ಕಡೆ ಹೆಬ್ಬೆಟ್ಟಿನಷ್ಟು, ಇನ್ನೊಂದು ಕಡೆ ಬೆರಳುಗಳಷ್ಟು. ಅವರು ಹೊನ್ನಕ್ಕನ ಸೊಂಟದ ಎಲೆಯಡಿಕೆ ಸಂಚಿ ನೋಡಿದರು. ಬೆರಳಿಗೆ ಅಂಟಿದ ಸುಣ್ಣ ನೋಡಿದರು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಅಡುಗೆಮನೆಯ ಮಕ್ಕಳಿಗೂ ಗೊತ್ತು. ಕೈಗವಸು ಹಾಕಿಕೊಂಡು ಹನ್ನೊಂದು ವರ್ಷ ಪರೀಕ್ಷೆ ಮಾಡಿದವರಿಗೆ ಅದು ಹೊಳೆದೇ ಇರಲಿಲ್ಲ.

ಅವರ ಶಿಷ್ಯೆ ರಂಜನಾಳೂ ಅದನ್ನು ಕಂಡಳು. ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸರ್, ಈಗ ಏನೂ ಹೇಳಬೇಡಿ. ಅಧ್ಯಕ್ಷರು ಒಪ್ಪಿದ್ದಾರೆ, ಮೊದಲು ಹಾಳೆ ಬಳಕೆಗೆ ಬರಲಿ. ಆಮೇಲೆ ಸರಿ ಮಾಡಿದ್ರಾಯ್ತು. ಹೊನ್ನಕ್ಕನ ಮೀನಿಗೆ ನಾಲ್ಕು ದಿನದಲ್ಲಿ ಜನ ಮತ್ತೆ ಬರ್ತಾರೆ."

ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳುವುದೂ ಬೇಕಿರಲಿಲ್ಲ. ಮಾಸ್ತರರಿಗೆ ಅಲ್ಲೇ ನೆಲದ ಮೇಲೆ ಕೂತುಬಿಡೋಣ ಎನಿಸಿತು, ಅಷ್ಟು ದಣಿದಿದ್ದರು. ಅವರು ಹೊನ್ನಕ್ಕನ ಮುಖ ನೋಡಿದರು. ಅವಳು ಬಂಗಡೆಯೊಂದರ ಕಿವಿರು ಬಿಡಿಸಿ ಹಿಡಿದು, ಹೋಗುವವರಿಗೆಲ್ಲ ತೋರಿಸುತ್ತಿದ್ದಳು. ಯಾರೂ ನಿಂತು ನೋಡಲಿಲ್ಲ.

"ಹೊನ್ನಕ್ಕ, ಚೂರು ಸುಣ್ಣ ಕೊಡು," ಎಂದರು ಮಾಸ್ತರರು.

ಖಾಲಿ ಹಾಳೆಯೊಂದನ್ನು ಎತ್ತಿ ಹಿಡಿದು, ಎಲ್ಲರೆದುರು ಸುಣ್ಣದ ಬೆರಳು ಒತ್ತಿದರು. ಹಾಳೆ ಕೆಂಪಾಯಿತು. "ನೋಡಿ, ಇದರಲ್ಲಿ ಮೀನೇ ಇಲ್ಲ. ಅವಳ ಮೀನು ತಾಜಾ ಇದೆ. ತಪ್ಪು ನನ್ನ ಹಾಳೆಯದ್ದು," ಎಂದರು.

ಅಧ್ಯಕ್ಷರ ಮುಖ ಸಪ್ಪಗಾಯಿತು. "ಇಲ್ಲಿ ಕೂತವರೆಲ್ಲ ಎಲೆ ಹಾಕುವವರೇ ಮಾರಾಯ್ರೆ. ಇದನ್ನ ನಂಬೂದು ಹೇಗೆ? ಸದ್ಯಕ್ಕೆ ಪ್ಲಾಸ್ಟಿಕ್ಕೇ ಇರ್ಲಿ," ಎಂದು ಹೊರಟುಹೋದರು. ಜನ ಮತ್ತೆ ಹೊನ್ನಕ್ಕನ ಬುಟ್ಟಿಯ ಸುತ್ತ ನೆರೆದರು.

ಮಧ್ಯಾಹ್ನ ಬುಟ್ಟಿ ಬರಿದಾಗುವ ಹೊತ್ತಿಗೆ ಹೊನ್ನಕ್ಕ ಎದ್ದು ಕೈ ಚೆನ್ನಾಗಿ ತಿಕ್ಕಿ ತೊಳೆದುಕೊಂಡಳು. ಎತ್ತಿಟ್ಟಿದ್ದ ಎರಡು ಬಂಗಡೆಗಳನ್ನು ಮಾಸ್ತರರ ಹಾಳೆಯಲ್ಲೇ ಸುತ್ತಿ ಅವರ ಕೈಗಿಟ್ಟಳು. "ಸುಣ್ಣ ಬಿಡೂಕೆ ನನ್ನಿಂದ ಆಗೂದಿಲ್ಲ ಮಾಸ್ತರೇ," ಎಂದಳು.

"ನೀನು ಬಿಡಬೇಡ. ಹಾಳೆಯನ್ನೇ ನಾನು ಮತ್ತೆ ಮಾಡ್ತೇನೆ," ಎಂದರು ಅವರು.

ಮನೆಗೆ ಹೋಗಿ ಪೊಟ್ಟಣ ತೆಗೆದರು. ಹಾಳೆ ಹಳದಿಯಾಗಿಯೇ ಇತ್ತು. ಮಾಸ್ತರರು ಹನ್ನೆರಡನೆಯ ವರ್ಷದ ಹೊಸ ನೋಟುಪುಸ್ತಕ ತೆಗೆದು ಮೊದಲ ಸಾಲಿನಲ್ಲಿ "ಸುಣ್ಣ" ಎಂದು ಬರೆದರು.

ನೀತಿ: ನಮ್ಮ ಕೆಲಸದ ತಪ್ಪು ಇನ್ನೊಬ್ಬರ ಹೆಸರಿಗೆ ಅಂಟಿದಾಗ ಸುಮ್ಮನಿರುವುದೂ ಸುಳ್ಳೇ. ಎಷ್ಟೇ ದಣಿದಿದ್ದರೂ ಮೊದಲು ಅವರ ಹೆಸರನ್ನು ತೊಳೆದುಕೊಡಬೇಕು. ಕೆಲಸವನ್ನು ಮತ್ತೆ ಮಾಡಬಹುದು.