ಮುಳ್ಳಕ್ಕನನ್ನು ಯಾರೂ ಕೇಳಲಿಲ್ಲ

ನಾಲ್ಕು ಗುಡ್ಡಗಳ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಸಹಕಾರ ಸಂಘ ಕಟ್ಟಿಕೊಂಡಿದ್ದವು. ಸುಗ್ಗಿಯಲ್ಲಿ ಸಿಕ್ಕ ಗೆಡ್ಡೆ ಗೆಣಸುಗಳನ್ನು ಬಂಡೆಗುಡ್ಡದ ಗುಹೆಯಲ್ಲಿ ಕೂಡಿಡುತ್ತಿದ್ದವು. ಗುಹೆಯ ಬಾಯಿಗೆ ಒಂದು ಕಲ್ಲು. ಎಲ್ಲರೂ ಬಯಲಿನಲ್ಲಿ ಸಭೆ ಸೇರಿ, ಅರ್ಧಕ್ಕಿಂತ ಹೆಚ್ಚು ಮಂದಿ ಬಾಲ ಎತ್ತಿದರೆ ಮಾತ್ರ ಆ ಕಲ್ಲು ಸರಿಸಬೇಕು. ಇದು ಸಂಘದ ಕಾನೂನು. ಪುನುಗುಬೆಕ್ಕು ಸಂಘದ ಕಾರ್ಯದರ್ಶಿ. ಅದರ ಮಾತು ಬಲು ನಯ, ಹೊಟ್ಟೆ ಮಾತ್ರ ಎಷ್ಟು ತಿಂದರೂ ತುಂಬದು.

ಆ ವರ್ಷ ಹೊಳೆ ಉಕ್ಕಿತು. ಬಯಲು ಮುಳುಗಿತು. ಗುಡ್ಡಗಳು ನಡುಗಡ್ಡೆಗಳಾದವು. ಒಂದರಲ್ಲಿ ಕೋತಿ, ಇನ್ನೊಂದರಲ್ಲಿ ಮೊಲ, ಬಂಡೆಗುಡ್ಡದಲ್ಲಿ ಪುನುಗುಬೆಕ್ಕು ಸಿಕ್ಕಿಬಿದ್ದವು. ಎಲ್ಲಕ್ಕಿಂತ ಚಿಕ್ಕ ಗುಡ್ಡದಲ್ಲಿ ಉಳಿದವಳು ಮುಳ್ಳುಹಂದಿ. ಎಲ್ಲರೂ ಅವಳನ್ನು ಮುಳ್ಳಕ್ಕ ಎನ್ನುತ್ತಿದ್ದರು. ಜೊತೆಗೆ ಎರಡು ಎಳೆಯ ಮರಿಗಳು. ಬೆಳಗಾದರೆ ಸಾಕು, ನೀರು ಒಂದು ಗೇಣು ಮೇಲೆ ಬಂದಿರುತ್ತಿತ್ತು. ಸಭೆ ಸೇರದೆ ಗುಹೆ ತೆರೆಯುವಂತಿಲ್ಲ. ಸಭೆ ಸೇರಲು ದಾರಿಯೇ ಇಲ್ಲ.

ಪುನುಗುಬೆಕ್ಕು ಹೊಳೆಯಲ್ಲಿ ಈಜುತ್ತಿದ್ದ ನೀರುನಾಯಿಯನ್ನು ಕರೆಯಿತು. "ಇದು ಆಪತ್ಕಾಲ ಕಣಯ್ಯಾ. ಸಭೆ ಸೇರುವುದು ಬೇಡ. ನೀನು ಗುಡ್ಡದಿಂದ ಗುಡ್ಡಕ್ಕೆ ಈಜಿ ಎಲ್ಲರನ್ನೂ ಕೇಳಿಕೊಂಡು ಬಾ. ಉತ್ತರ ಬರದಿದ್ದರೆ ಅವರು ಒಪ್ಪಿದರು ಅಂತ ಇಟ್ಟುಕೊಳ್ಳೋಣ."

ಎಲ್ಲರೂ ಹೂಂ ಅಂದರು. ಹಸಿದವರಲ್ಲವೇ, ಆ ಕೊನೆಯ ಮಾತನ್ನು ಯಾರೂ ಯೋಚಿಸಲಿಲ್ಲ. ಮೊದಲ ಪಾಲು ಎಲ್ಲ ಗುಡ್ಡಗಳಿಗೂ ತಲುಪಿತು. ಎಲ್ಲರೂ ಕಾರ್ಯದರ್ಶಿಯನ್ನು ಹೊಗಳಿದ್ದೇ ಹೊಗಳಿದ್ದು.

ಎರಡನೆಯ ಸಲ ಪುನುಗುಬೆಕ್ಕು ಹೊಸ ವಿಷಯ ತೆಗೆಯಿತು. "ಚಿಕ್ಕ ಗುಡ್ಡದ ಪಾಲು ನೀರು ಇಳಿಯುವವರೆಗೆ ಗುಹೆಯಲ್ಲೇ ಇರಲಿ. ಉಳಿದವರೆಲ್ಲ ಒಪ್ಪಿದ್ದಾರೆ ಅಂತ ಕೋತಿಗೂ ಮೊಲಕ್ಕೂ ಹೇಳು. ಮುಳ್ಳಕ್ಕನ ಹತ್ತಿರ ನೀನು ಹೋಗಬೇಡ, ಅಲ್ಲಿ ಸೆಳೆತ ಜಾಸ್ತಿ. ನಾನೇ ಇಲ್ಲಿಂದ ಕೂಗಿ ಕೇಳುತ್ತೇನೆ."

ನೀರುನಾಯಿ ಪಾಪ, ನಂಬಿತು. ಉಳಿದವರೆಲ್ಲ ಒಪ್ಪಿದ್ದಾರಲ್ಲ ಎಂದು ಕೋತಿ ಒಪ್ಪಿತು. ಮೊಲವೂ ಒಪ್ಪಿತು.

ಮೂರು ದಿನ ಚಿಕ್ಕ ಗುಡ್ಡಕ್ಕೆ ಏನೂ ಬರಲಿಲ್ಲ. ಚಿಕ್ಕ ಮರಿ ಅಳುವುದನ್ನೇ ನಿಲ್ಲಿಸಿತು. ಅಳುತ್ತಿದ್ದಾಗಲೂ ಮುಳ್ಳಕ್ಕನಿಗೆ ಇಷ್ಟು ಭಯವಾಗಿರಲಿಲ್ಲ. ಅಷ್ಟರಲ್ಲಿ ದೂರದಲ್ಲಿ ನೀರುನಾಯಿ ಕಂಡಿತು. ಅವಳು ಮುಳ್ಳುಗಳನ್ನೆಲ್ಲ ನಿಮಿರಿಸಿ, ಕುಣಿದು ಕುಣಿದು ಅದನ್ನು ಕರೆದಳು.

"ನಮ್ಮ ಪಾಲು ಎಲ್ಲಪ್ಪಾ?"

"ಸದ್ಯಕ್ಕೆ ಬೇಡ ಅಂತ ನೀನೇ ಒಪ್ಪಿದೆಯಲ್ಲಕ್ಕಾ. ಕಾರ್ಯದರ್ಶಿ ಮೂರು ಸಲ ಕೂಗಿದರಂತೆ. ನಿನ್ನಿಂದ ಉತ್ತರವೇ ಇಲ್ಲವಂತೆ."

"ಈ ನೀರಿನ ಸದ್ದಿನಲ್ಲಿ ಪಕ್ಕದಲ್ಲಿರುವ ಮಕ್ಕಳ ದನಿಯೇ ಕೇಳುವುದಿಲ್ಲ. ನನ್ನನ್ನು ಯಾರಪ್ಪಾ ಕೇಳಿದರು?"

ನೀರುನಾಯಿ ಕೂಡಲೇ ಕೋತಿಯ ಗುಡ್ಡಕ್ಕೂ ಮೊಲದ ಗುಡ್ಡಕ್ಕೂ ಈಜಿತು. ನಡೆದದ್ದನ್ನೆಲ್ಲ ಹೇಳಿತು. "ಗುಹೆಗೆ ಹೋಗಿ ಮುಳ್ಳಕ್ಕನ ಪಾಲು ತೆಗೆಯೋಣವೇ? ಒಪ್ಪಿದವರು ಮಧ್ಯಾಹ್ನ ಪೊದೆ ಅಲ್ಲಾಡಿಸಿ. ಯಾರು ಒಪ್ಪಿದರು ಅಂತ ಎಲ್ಲರೂ ತಮ್ಮ ಕಣ್ಣಾರೆ ನೋಡಲಿ" ಎಂದಿತು. ಮುಳ್ಳಕ್ಕನ ಹತ್ತಿರ ಬಂದು ಅವಳಿಗೂ ಇದನ್ನೇ ಹೇಳಿತು. ಬಂಡೆಗುಡ್ಡದ ಕೆಳಗೆ ನಿಂತು ಕಾರ್ಯದರ್ಶಿಗೂ ಕೂಗಿ ಹೇಳಿತು. ಅಲ್ಲಿ ಯಾರೂ ಕಾಣಲಿಲ್ಲ.

ಮಧ್ಯಾಹ್ನ ಮೂರು ಗುಡ್ಡಗಳಲ್ಲಿ ಪೊದೆಗಳು ಅಲ್ಲಾಡಿದವು. ನೀರುನಾಯಿ ತೇಲಿಬಂದ ಮರದ ದಿಮ್ಮಿಯೊಂದನ್ನು ತಳ್ಳಿಕೊಂಡು ಬಂದಿತು. ಅದರ ಮೇಲೆ ಕೋತಿ, ಮುಳ್ಳಕ್ಕ, ಎರಡು ಮರಿಗಳು. ನಡುನೀರಿನಲ್ಲಿ ದಿಮ್ಮಿ ಒಮ್ಮೆ ಪೂರ್ತಿ ವಾಲಿತು. ಕೋತಿ ಚಿಕ್ಕ ಮರಿಯನ್ನು ಕಾಲು ಹಿಡಿದು ಎಳೆದುಕೊಂಡಿತು. ಮುಳ್ಳುಗಳು ಅಂಗೈಗೆ ಚುಚ್ಚಿದರೂ ಬಿಡಲಿಲ್ಲ.

ಗುಹೆಯ ಕಲ್ಲು ಮುಚ್ಚಿತ್ತು. ಅದರ ಮೇಲೆ ಗುಡ್ಡದ ಮಣ್ಣು ಜರಿದು ಬಿದ್ದಿತ್ತು. ಕಾರ್ಯದರ್ಶಿಗಳು ಎಲ್ಲಿದ್ದರು ಗೊತ್ತೇ? ಯಾರಿಗೂ ಕಾಣದಂತೆ ಮುಳ್ಳಕ್ಕನ ಪಾಲು ತಿನ್ನಲು ಒಳಗೆ ಹೋಗಿ, ತಾವೇ ಕಲ್ಲು ಎಳೆದುಕೊಂಡಿದ್ದರು. ಈಗ ಆ ಕಲ್ಲು ಅಲುಗುತ್ತಿರಲಿಲ್ಲ.

ಪಕ್ಕದ ಬಿರುಕಿನಲ್ಲಿ ಇಣುಕಿದ ಕೋತಿಗೆ ಪುನುಗುಬೆಕ್ಕಿನ ಬಾಲ ಕಂಡಿತು. ಕೋತಿ ಅಲ್ಲೇ ಕೈ ಹಾಕಿ ಗೆಣಸು ತೆಗೆಯಿತು. ಚಿಕ್ಕ ಮರಿ ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಿತು. ಸ್ವಲ್ಪ ಹೊತ್ತಿನ ಮೇಲೆ ಜಗಿಯತೊಡಗಿತು. ಆಗ ಮುಳ್ಳಕ್ಕ ಅತ್ತಳು.

ಕೋತಿ ಕಲ್ಲಿಗೆ ಬಾಯಿಟ್ಟು, "ಕಾರ್ಯದರ್ಶಿಗಳೇ, ನೀರು ಇಳಿಯುವವರೆಗೆ ನೀವು ಒಳಗೇ ಇರಬೇಕು. ಒಪ್ಪಿಗೆಯೇ?" ಎಂದು ಕೂಗಿತು. ಉತ್ತರ ಬರಲಿಲ್ಲ. "ನೋಡಿ, ಒಪ್ಪಿದರು. ಅವರದೇ ಕಾನೂನು. ನಡೆಯಿರಿ ಹೋಗೋಣ" ಎಂದು ನಕ್ಕಿತು.

"ನಿಲ್ಲಪ್ಪಾ" ಎಂದಳು ಮುಳ್ಳಕ್ಕ. ಕಲ್ಲಿಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೆಯೇ ಇದ್ದಳು. ಒಳಗೆ ಮೆಲ್ಲಗೆ ಕೆರೆಯುವ ಸದ್ದು ಕೇಳಿಸಿತು. "ಒಪ್ಪಿಲ್ಲ ಅಂತಿದೆ. ತೆಗೆಯಿರಿ."

ಎಲ್ಲರೂ ಮಣ್ಣು ಬಗೆದು ಕಲ್ಲು ಎಳೆದರು. ಪುನುಗುಬೆಕ್ಕು ಕೆಸರು ಮೆತ್ತಿಕೊಂಡು ಹೊರಗೆ ಬಿದ್ದಿತು. ನೀರುನಾಯಿ ಮೊಲದ ಗುಡ್ಡಕ್ಕೂ ಹೋಗಿ ಕೇಳಿತು; ಮತ್ತೆ ಪೊದೆಗಳು ಅಲ್ಲಾಡಿದವು. ಪುನುಗುಬೆಕ್ಕಿನ ಕಾರ್ಯದರ್ಶಿ ಕೆಲಸ ಹೋಯಿತು. ಆಪತ್ಕಾಲದ ಕಾನೂನು ನೀರು ಇಳಿದ ದಿನವೇ ಮುಗಿಯಬೇಕು ಎಂದೂ ತೀರ್ಮಾನವಾಯಿತು.

"ತಪ್ಪಾಯಿತು ಮುಳ್ಳಕ್ಕಾ" ಎಂದಿತು ಪುನುಗುಬೆಕ್ಕು, ತಲೆ ಎತ್ತದೆ.

"ನೀನು ಕಲ್ಲಿನ ಹಿಂದಿದ್ದೆ. ಆದರೂ ನಿನ್ನನ್ನು ಕೇಳಿದೆವು. ನಾನು ನಿನ್ನ ಕಣ್ಣೆದುರಿನ ಗುಡ್ಡದಲ್ಲಿದ್ದೆ, ಮಕ್ಕಳನ್ನು ಕಟ್ಟಿಕೊಂಡು. ನನ್ನನ್ನು ಯಾಕೆ ಕೇಳಲಿಲ್ಲ?"



ನೀತಿ: ಆಪತ್ತಿನಲ್ಲಿ ಸಭೆಯ ರೀತಿ ಬದಲಾಗಬಹುದು. ಆದರೆ ದೂರದಲ್ಲಿರುವವರ ದನಿ ಕೇಳಿಸಲಿಲ್ಲವೆಂದು ಅವರ ಪರವಾಗಿ ನಾವೇ ಒಪ್ಪಿಬಿಡಬಾರದು.