ಕಿರೀಟದ ಕೆಳಗಿನ ಬಟ್ಟೆ

"ಬುದ್ಧಿ, ತನಗೆ ಯೋಗ್ಯತೆ ಇಲ್ಲವೆಂದು ಗೊತ್ತಿರುವವನು ಪೀಠದ ಮೇಲೆ ಕೂರಬಹುದೇ?"

ಶಿಷ್ಯ ಕರಿಬಸವ ಹೀಗೆ ಕೇಳಿದಾಗ ಹಿರಿಯ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ವಿಭೂತಿ ಉಂಡೆಗಳನ್ನು ಬಿಸಿಲಿಗೆ ಹರವುತ್ತಿದ್ದರು. ಬರುವ ಸೋಮವಾರ ಅವನಿಗೆ ಪಟ್ಟವಾಗುವುದಿತ್ತು. ಮಠದ ಕಿರೀಟವನ್ನು ಹೊಸ ಸ್ವಾಮಿಯ ತಲೆಯ ಮೇಲಿಟ್ಟು, ಅಡ್ಡಪಲ್ಲಕ್ಕಿಯಲ್ಲಿ ಕೂರಿಸಿ ಊರು ಸುತ್ತಿಸುವುದು ಅಲ್ಲಿಯ ಪದ್ಧತಿ. ಕರಿಬಸವನಿಗೆ ಆ ಕಿರೀಟವನ್ನು ನೆನೆದರೇ ಭಯವಾಗುತ್ತಿತ್ತು. ಗುರುಗಳಷ್ಟು ತಾನು ಓದಿಲ್ಲ, ಅವರಷ್ಟು ತಾಳ್ಮೆ ತನಗಿಲ್ಲ, ಪೂಜೆಗೆ ಕುಳಿತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಜನರಿಗೆ ನಿಜ ಹೇಳಿ ಮಠ ಬಿಟ್ಟು ಹೋಗುವುದೇ ಸರಿ ಎಂದು ತೀರ್ಮಾನಿಸಿದ್ದ.

ಗುರುಗಳು ಕೈಗೆ ಹತ್ತಿದ್ದ ಬೂದಿಯನ್ನು ಕೊಡವಿಕೊಂಡರು. "ಹೋಗುವವನ ರಟ್ಟೆ ಹಿಡಿದು ನಿಲ್ಲಿಸುವ ವಯಸ್ಸು ನನ್ನದಲ್ಲ ಮರಿ. ಕುಳಿತುಕೋ. ಒಂದು ಕತೆ ಕೇಳಿಕೊಂಡು ಹೋಗು," ಎಂದರು.

ಒಂದು ಸಣ್ಣ ರಾಜ್ಯ. ಅಲ್ಲಿ ಯಾರಿಗೆ ಪಟ್ಟವಾದರೂ ಅದೇ ದಿನ ಅವರ ಚಿತ್ರ ಬರೆಸಿ ಚಾವಡಿಯಲ್ಲಿ ತೂಗುಹಾಕಬೇಕು. ಚಿತ್ರ ತೂಗುಹಾಕುವವರೆಗೆ ಪಟ್ಟ ಪೂರ್ತಿಯಾಗುವುದಿಲ್ಲ. ಆಳೆತ್ತರದ ಹಲಗೆ, ಅದರ ಮೇಲೆ ಚಿನ್ನದ ಕೆಲಸ. ಇದು ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಆದ್ದರಿಂದ ಚಿತ್ರಗಾರನು ಮೊದಲೇ ಹಲಗೆ ಸಿದ್ಧ ಮಾಡಿಕೊಳ್ಳುತ್ತಿದ್ದ. ಅರಮನೆಯ ಕಿರೀಟವನ್ನು ಎದುರಿಗೆ ಇಟ್ಟುಕೊಂಡು ಅದೇ ಅಳತೆಗೆ ಗೆರೆ ಹಾಕಿ, ಸಫೇದವೆಂಬ ಬಿಳಿ ಪುಡಿಯ ಲೇಪದಿಂದ ಉಬ್ಬು ಮಾಡಿ, ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದ. ಹಾರ, ಭುಜಕೀರ್ತಿ, ಕತ್ತಿಯ ಹಿಡಿ, ಸಿಂಹಾಸನ ಎಲ್ಲವೂ ಮುಗಿದ ಮೇಲೆ ಉಳಿಯುತ್ತಿದ್ದುದು ಮುಖ ಒಂದೇ. ಪಟ್ಟದ ದಿನ ರಾಜನನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಬರೆದರೆ ಕೆಲಸ ಮುಗಿಯಿತು. ಒಮ್ಮೆ ಅಂಟಿಸಿದ ಚಿನ್ನವನ್ನು ಮಾತ್ರ ಯಾವ ಕಾರಣಕ್ಕೂ ಕೆರೆಯುವಂತಿಲ್ಲ. ಚಿತ್ರದ ಕಿರೀಟ ಕೆರೆದರೆ ರಾಜನನ್ನೇ ಸಿಂಹಾಸನದಿಂದ ಇಳಿಸಿದಂತೆ ಎಂದು ಅಲ್ಲಿಯವರ ನಂಬಿಕೆ.

ಆ ರಾಜ್ಯದ ದೊರೆ ತೀರಿಕೊಂಡ. ಹಿರಿಯ ಮಗನಿಗಾಗಿ ಹಲಗೆ ಸಿದ್ಧವಾಯಿತು. ಪಟ್ಟಕ್ಕೆ ಇನ್ನೇನು ಮುಹೂರ್ತ ಬರಬೇಕು, ಅಷ್ಟರಲ್ಲಿ ಹಿರಿಯವನು ಜ್ವರ ಬಂದು ಸತ್ತ. ಉಳಿದವನು ಕಿರಿಯವನು. ಲಾಯದಲ್ಲಿ ಕುದುರೆಗಳ ಜೊತೆ ಬೆಳೆದ, ನಾಚಿಕೆಯ ಸ್ವಭಾವದ, ಸಣಕಲು ಮೈಯ ಹುಡುಗ. ಸಿಂಹಾಸನ ತನ್ನ ಪಾಲಿಗೆ ಬರುತ್ತದೆಂದು ಅವನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅಣ್ಣನನ್ನು ನೆನೆದು ಅತ್ತು ಮುಗಿಯುವ ಮೊದಲೇ ಅವನನ್ನು ಎಬ್ಬಿಸಿ ಪಟ್ಟಕ್ಕೆ ಕೂರಿಸಿದರು.

ಇವನು ಬೇಡವೆಂದರೆ ರಾಜ್ಯ ಹೋಗುವುದು ಚಿಕ್ಕಪ್ಪನ ಕೈಗೆ. ಚಿಕ್ಕಪ್ಪ ಗಟ್ಟಿ ಆಳು, ಆದರೆ ತನ್ನ ದನಿಯನ್ನು ಬಿಟ್ಟು ಬೇರೆ ದನಿ ಅವನಿಗೆ ಹಿಡಿಸುತ್ತಿರಲಿಲ್ಲ. ತನ್ನ ತೋಟಕ್ಕೆ ನೀರು ಸಾಲದೆಂದು ದೊಡ್ಡ ಕೆರೆಯ ತೂಬನ್ನೇ ಮುಚ್ಚಿಸಿದ್ದ. ಕೆಳಗಿನ ಹಳ್ಳಿಯವರು ಕೇಳಲು ಹೋದಾಗ ಅವನ ಆಳುಗಳು ಬೆನ್ನು ಮುರಿಯುವ ಹಾಗೆ ಹೊಡೆದು ಕಳಿಸಿದ್ದರು. ಅದೇ ಹಳ್ಳಿಯವರು ಪಟ್ಟದ ದಿನ ಹೊಸ ದೊರೆಗೆ ಹೇಳಿಕೊಳ್ಳಬೇಕೆಂದು ಬೆಳಗಿನಿಂದಲೇ ಅರಮನೆಯ ಬಾಗಿಲಲ್ಲಿ ಕಾದಿದ್ದರು.

ಒಳಗೆ ಕಿರಿಯವನ ತಲೆಯ ಮೇಲೆ ಕಿರೀಟ ಇಟ್ಟರು. ಅದು ಯಾವುದೋ ಕಾಲದ ಭಾರಿ ಆಳಿಗೆ ಮಾಡಿಸಿದ ಕಿರೀಟ. ಸರ್ರನೆ ಇಳಿದು ಹುಬ್ಬಿನ ಮೇಲೆ ಕೂತಿತು. ಕಿವಿ ಎರಡೂ ಮುಚ್ಚಿಹೋದವು. "ಮಹಾಸ್ವಾಮಿ, ಸ್ವಲ್ಪ ಈ ಕಡೆಗೆ," ಎಂದು ಚಿತ್ರಗಾರ ಕೇಳಿಕೊಂಡದ್ದು ಅವನಿಗೆ ಕೇಳಲಿಲ್ಲ. ಆಸ್ಥಾನದವರು ನಗು ತಡೆಯಲು ಶಲ್ಯವನ್ನು ಬಾಯಿಗೆ ಒತ್ತಿಕೊಂಡರು. ನಗು ಮಾತ್ರ ಹುಡುಗನಿಗೆ ಹೇಗೋ ಕೇಳಿಸಿತು.

ಮಂತ್ರಿ ಚಿತ್ರಗಾರನ ಬಳಿಗೆ ಹೋಗಿ, ಕಿರೀಟ ತುಂಬುವ ಹಾಗೆ ಮುಖ ಬರೆದುಬಿಡು ಎಂದು ಹೇಳಿದ. ಚಿತ್ರಗಾರನಿಗೂ ಬೇರೆ ದಾರಿ ಕಾಣಲಿಲ್ಲ. ಕೆನ್ನೆ ಅಗಲ ಮಾಡಿದ. ಹಣೆ ದೊಡ್ಡದು ಮಾಡಿದ. ಇರದ ಮೀಸೆಯನ್ನೂ ತಿರುವಿದ. ಮುಖವೇನೋ ಕಿರೀಟಕ್ಕೆ ಒಪ್ಪಿತು. ಕಿರಿಯವನು ಎದ್ದು ಬಂದು ನೋಡಿದ. ಹಲಗೆಯ ಮೇಲೆ ಅವನ ಅಣ್ಣ ಕುಳಿತಿದ್ದ.

ಹುಡುಗನಿಗೆ ದುಃಖ ಉಕ್ಕಿ ಬಂತು. ಎಲ್ಲರಿಗೂ ಬೇಕಾಗಿರುವುದು ಸತ್ತುಹೋದ ಅಣ್ಣನೇ ಹೊರತು ತಾನಲ್ಲ, ತಾನು ಈ ಚಿನ್ನದ ಕೆಳಗೆ ಜಾಗ ತುಂಬಲು ಬಂದವನು ಎಂದು ಅನ್ನಿಸಿತು. ಕಿರೀಟ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಚಿಕ್ಕಪ್ಪನಿಗೆ ಹೇಳಿ ಕಳಿಸಿ. ಇದು ನನ್ನಿಂದಾಗದು," ಎಂದ. ಮಂತ್ರಿ ಒಂದು ಮಾತಿಗೂ ತಡೆಯಲಿಲ್ಲ, ಆ ಕ್ಷಣವೇ ಪಲ್ಲಕ್ಕಿ ಕಳಿಸಿದ. ಆಸ್ಥಾನದ ಜನ ಗಾಳಿ ಬಂದ ಕಡೆ ತೂರಿಕೊಳ್ಳುವವರು, ಅವರನ್ನು ದೂರಿ ಪ್ರಯೋಜನವಿಲ್ಲ.

ಸುದ್ದಿ ಅಂತಃಪುರಕ್ಕೆ ಮುಟ್ಟಿತು. ಹುಡುಗನ ಅಜ್ಜಿ ಇನ್ನೂ ಬದುಕಿದ್ದಳು. ಅವಳು ಮೊಮ್ಮಗನ ಬಳಿಗೆ ಬಂದು, ಏನೂ ಕೇಳದೆ, ಕೈ ಹಿಡಿದು ಚಾವಡಿಗೆ ಕರೆದುಕೊಂಡು ಹೋದಳು. ಅವನ ತಾತನ ಚಿತ್ರದ ಮುಂದೆ ನಿಲ್ಲಿಸಿದಳು. ಆ ತಾತನ ಹೆಸರು ಹೇಳಿದರೆ ಇಡೀ ರಾಜ್ಯ ಕೈ ಮುಗಿಯುತ್ತಿತ್ತು.

"ಕಿರೀಟದ ಕೆಳಗೆ ಏನಿದೆ ನೋಡು ಮಗು."

ಕಿರೀಟಕ್ಕೂ ಹಣೆಗೂ ನಡುವೆ ಬಿಳಿಯ ಪಟ್ಟಿಯೊಂದಿತ್ತು. ಹುಡುಗನಿಗೆ ಅದು ಗೊತ್ತಿರದ್ದೇನಲ್ಲ. "ಅದು ನೊಸಲುಪಟ್ಟಿ, ಅಜ್ಜಿ. ನಮ್ಮ ವಂಶದ ಭೂಷಣ," ಎಂದ.

ಹಾಗೆಂದೇ ಎಲ್ಲರೂ ತಿಳಿದಿದ್ದರು. ತಾತನ ಚಿತ್ರದಲ್ಲಿ ಇದ್ದುದನ್ನು ನೋಡಿ, ಅವನ ಮಗನ, ಎಂದರೆ ಈ ಹುಡುಗನ ಅಪ್ಪನ, ಪಟ್ಟದಲ್ಲಿ ಜರಿಯ ಪಟ್ಟಿ ಮಾಡಿಸಿ ಕಿರೀಟದ ಹೊರಗೆ ಬಿಗಿದಿದ್ದರು. ಮಗನದು ದೊಡ್ಡ ತಲೆ, ಕಿರೀಟ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಅವನ ಕಾಲದ ಬಗ್ಗೆ ಜನ ಹೆಚ್ಚು ಮಾತಾಡುವುದಿಲ್ಲ. ಹಿರಿಯ ಮೊಮ್ಮಗನ ಪಟ್ಟಕ್ಕೆಂದು ಸಿದ್ಧ ಮಾಡುವಾಗ ಪಟ್ಟಿಗೂ ಮುತ್ತು ಬಂತು. ಆಸ್ಥಾನದ ಕವಿಯೊಬ್ಬ ಅದನ್ನು ಬಿದಿಗೆ ಚಂದ್ರನೆಂದು ವರ್ಣಿಸಿ ಶಾಲು ಹೊದ್ದುಕೊಂಡು ಹೋದ. ಅದು ಅಲ್ಲಿಗೆ ಹೇಗೆ ಬಂತೆಂದು ಯಾರೂ ಕೇಳಿರಲಿಲ್ಲ.

ಅಜ್ಜಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಭೂಷಣವೂ ಇಲ್ಲ, ಏನೂ ಇಲ್ಲ. ಅದು ನನ್ನ ಹಳೇ ಸೀರೆಯ ಅಂಚು," ಎಂದಳು. "ನಿನ್ನ ತಾತನ ತಲೆ ನಿನ್ನದಕ್ಕಿಂತ ಸಣ್ಣದು. ಪಟ್ಟದ ದಿನ ಕಿರೀಟ ಕಿವಿಯ ಮೇಲೆ ಬಂದು ಕೂತಿತು. ಒಬ್ಬಳು ಹೆಂಗಸು ಬಂದು, ಕೋಟೆ ಕಟ್ಟುವಾಗ ಕಲ್ಲು ಬಿದ್ದು ನನ್ನ ಗಂಡ ಹೋದ, ಸ್ವಾಮೀ ಅಂದಳು. ಇವರಿಗೆ ಕೇಳಲಿಲ್ಲ. ಮಂಗಳದ ಮಾತಿರಬೇಕು ಅಂದುಕೊಂಡು, ಬಹಳ ಸಂತೋಷ ಅಂದುಬಿಟ್ಟರು."

ಹುಡುಗ ಚಿತ್ರವನ್ನೇ ನೋಡುತ್ತ ನಿಂತಿದ್ದ.

"ಆಮೇಲೆ ಯಾರೋ ತಿಳಿಸಿದರು. ಒಳಗೆ ಬಂದು ನನ್ನ ಮುಂದೆ ಮಗುವಿನ ಹಾಗೆ ಅತ್ತರು. ಆಗ ನಾನು ಅಂಚು ಹರಿದು, ಮಡಿಚಿ, ಕಿರೀಟದ ಒಳಗೆ ಇಟ್ಟೆ. ಕಿವಿಯ ಮೇಲಕ್ಕೆ ಎದ್ದು ನಿಂತಿತು. ಹಾಗೇ ಆಚೆ ಹೋಗಿ ಆ ಹೆಂಗಸನ್ನು ಹುಡುಕಿಸಿ, ಅವಳು ಹೇಳಿದ್ದನ್ನು ಇನ್ನೊಂದು ಸಲ ಪೂರ್ತಿ ಕೇಳಿದರು. ಚಿತ್ರದಲ್ಲೂ ಆ ಬಟ್ಟೆ ಬರೆಯಲೇಬೇಕು ಅಂತ ಹಟ ಹಿಡಿದು ಬರೆಸಿದರು."

"ಅಕ್ಕಸಾಲಿಗೆ ಹೇಳಿ ಕಿರೀಟ ಚಿಕ್ಕದು ಮಾಡಿಸಬಹುದಿತ್ತಲ್ಲ, ಅಜ್ಜಿ?"

"ನಾನೂ ಅದನ್ನೇ ಅಂದೆ. ಒಪ್ಪಲಿಲ್ಲ. ತಲೆಗೆ ಸರಿಯಾಗಿ ಕೂತರೆ ನನ್ನದೇ ಅಂದುಕೊಂಡುಬಿಡುತ್ತೇನೆ, ಸಡಿಲ ಇದ್ದರೆ ದಿನಾ ನೆನಪಿರುತ್ತದೆ ಅಂದರು. ಸಾಯುವವರೆಗೂ ಅದು ಅವರಿಗೆ ದೊಡ್ಡದೇ. ಸಾಯುವವರೆಗೂ ಬಟ್ಟೆ ಮಡಿಚಿ ಕೊಟ್ಟವಳು ನಾನೇ."

ಇಡೀ ರಾಜ್ಯ ಕೈ ಮುಗಿಯುವ ತಾತನಿಗೂ ಕಿರೀಟ ದೊಡ್ಡದಾಗಿತ್ತು ಎಂಬುದನ್ನು ನಂಬಲು ಹುಡುಗನಿಗೆ ಹೊತ್ತು ಬೇಕಾಯಿತು. ನಂಬಿದ ಮೇಲೆ ಎದೆಯ ಮೇಲಿದ್ದ ಕಲ್ಲು ಸರಿದ ಹಾಗಾಯಿತು. ತಾನು ಮುಚ್ಚಿಡಬೇಕೆಂದಿದ್ದ ಕೊರತೆಯನ್ನು ತಾತ ಹಣೆಯ ಮೇಲೆಯೇ ಬರೆಸಿಕೊಂಡು ಕುಳಿತಿದ್ದಾನೆ, ಕಿವಿ ಎರಡೂ ಚೆನ್ನಾಗಿ ಕಾಣುತ್ತಿವೆ. ಅವನು ಅಜ್ಜಿಯ ಮುಂದೆ ತಲೆ ಬಗ್ಗಿಸಿದ. ಅವಳು ಉಟ್ಟಿದ್ದ ಬಿಳಿ ಸೀರೆಯ ಸೆರಗಿನ ಅಂಚನ್ನು ಹರಿದು, ಮಡಿಚಿ, ಕಿರೀಟದ ಒಳಗೆ ಸುತ್ತಿ, ಅವನ ತಲೆಗೆ ಇಟ್ಟಳು.

ಚಿತ್ರಗಾರ ಬರೆದಿದ್ದ ಮುಖದ ಬಣ್ಣ ಇನ್ನೂ ಹಸಿಯಾಗಿತ್ತು. ಅವನು ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ತೆಗೆದ. ಅಣ್ಣನ ಮುಖ ಅಳಿಸಿಹೋಗುವಾಗ ಹುಡುಗ ಕೈ ಮುಗಿದುಕೊಂಡು ನಿಂತಿದ್ದ. ಆಮೇಲೆ ಚಿತ್ರಗಾರ ಎದುರಿಗೆ ಇದ್ದ ಮುಖವನ್ನು ಇದ್ದ ಹಾಗೆಯೇ ಬರೆದ. ಸಣ್ಣ ಕೆನ್ನೆ, ಮೀಸೆ ಮೂಡದ ತುಟಿ. ಚಿನ್ನಕ್ಕೂ ಹಣೆಗೂ ನಡುವೆ ಉಳಿದ ಖಾಲಿ ಜಾಗದಲ್ಲಿ ಮಡಿಕೆ ಮಡಿಕೆಯಾದ ಬಿಳಿ ಬಟ್ಟೆ. ಅದರ ಕೆಳಗೆ ಎರಡು ಕಿವಿ.

ಅಷ್ಟರಲ್ಲಿ ಚಿಕ್ಕಪ್ಪನ ಪಲ್ಲಕ್ಕಿ ಬಂದು ಇಳಿಯಿತು. ಸಿಂಹಾಸನ ಖಾಲಿ ಇದೆಯೆಂದು ಬಂದವನು ಅದರ ಮೇಲೆ ಹುಡುಗನನ್ನು ಕಂಡ. ಮೇಲಿಂದ ಕೆಳಗೆ ನೋಡಿ ನಕ್ಕ. "ಕಿರೀಟ ನಿನಗೆ ದೊಡ್ಡದಾಯಿತಲ್ಲಪ್ಪ," ಎಂದ.

ಬೆಳಿಗ್ಗೆ ಇದೇ ಮಾತು ಕೇಳಿದ್ದರೆ ಹುಡುಗ ಎದ್ದು ಓಡಿಹೋಗುತ್ತಿದ್ದ. ಈಗಲೂ ಭಯವಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಮುಚ್ಚಿಡಬೇಕಾದ್ದು ಏನೂ ಉಳಿದಿರಲಿಲ್ಲ. "ಹೌದು ಚಿಕ್ಕಪ್ಪ, ದೊಡ್ಡದೇ. ಕೂತುಕೊಳ್ಳಿ. ಬಾಗಿಲಲ್ಲಿ ಜನ ಕಾಯುತ್ತಿದ್ದಾರಂತೆ," ಎಂದ.

ಕೆಳಗಿನ ಹಳ್ಳಿಯವರು ಒಳಗೆ ಬಂದರು. ಚಿಕ್ಕಪ್ಪನನ್ನು ಕಂಡು ಮೊದಲು ಬಾಯಿ ಬಿಡಲಿಲ್ಲ. ದೊರೆ ಕಾದ. ಮುದುಕನೊಬ್ಬ ಮೆಲ್ಲಗೆ ಶುರುಮಾಡಿದ. ಅವನ ದನಿ ಅವನಿಗೇ ಕೇಳದಷ್ಟು ಸಣ್ಣದಾಗಿತ್ತು. ದೊರೆಗೆ ಕೇಳಿಸಿತು. ಚಿಕ್ಕಪ್ಪ ನಡುವೆ ಬಾಯಿ ಹಾಕಿದಾಗ, ಅವರದು ಮುಗಿಯಲಿ ಎಂದ. ಅವರದು ಮುಗಿದ ಮೇಲೆ ಚಿಕ್ಕಪ್ಪನದನ್ನೂ ಕೇಳಿದ. ಆ ದಿನ ಸಂಜೆಯೊಳಗೆ ತೂಬು ತೆರೆಯಿತು. ಅಲ್ಲಿಂದ ಮುಂದೆ ರಾಜ್ಯದಲ್ಲಿ ಎಲ್ಲವೂ ನೆಟ್ಟಗಾಯಿತೆಂದು ಹೇಳಲಾರೆ, ಎಷ್ಟೋ ತಪ್ಪುಗಳಾದವು. ಆದರೆ ತಪ್ಪಾಯಿತೆಂದು ಬಂದು ಹೇಳುವ ಧೈರ್ಯ ಜನರಿಗೆ ಇತ್ತು, ಕೇಳುವವನೊಬ್ಬ ಅಲ್ಲಿ ಕುಳಿತಿದ್ದ.

ಗುರುಗಳು ಕತೆ ನಿಲ್ಲಿಸಿ ವಿಭೂತಿ ಉಂಡೆಗಳನ್ನು ತಿರುವಿ ಹಾಕತೊಡಗಿದರು.

ಕರಿಬಸವನಿಗೆ ಮನಸ್ಸು ಅರ್ಧ ಹಗುರವಾಗಿತ್ತು. ಇನ್ನರ್ಧಕ್ಕೆ ಅವನು ಕೇಳಿದ: "ಬುದ್ಧಿ, ದೊರೆ ದೊಡ್ಡವನಾದ ಮೇಲಾದರೂ ಆ ಕಿರೀಟ ಅವನಿಗೆ ಸರಿಹೋಯಿತೇ?"

"ಅವನಿಗೆ ಕೊನೆಯವರೆಗೂ ಸರಿಹೋಗಲಿಲ್ಲ. ನಿನ್ನ ಕಿರೀಟ ನಿನಗೆ ಸರಿಹೋಯಿತು ಅನ್ನಿಸಿದ ದಿನ ಬಾ ಮರಿ, ಮಠ ಬಿಡುವ ಮಾತನ್ನು ಅವತ್ತು ಆಡೋಣ."

ಕರಿಬಸವ ಕೈ ಚಾಚಿ ಉಳಿದ ಉಂಡೆಗಳನ್ನು ತಾನೂ ತಿರುವಿ ಹಾಕತೊಡಗಿದ.